ತಾನೇ ಗೇರು ಬೀಳುವ ಕಾರು

ಹೋದ ವಾರ ಒಲೆಯ ಮೇಲೆ ಕುಸುಬಿ ಎಣ್ಣೆ ಇಟ್ಟು ಮರೆತೆ. ಒಗ್ಗರಣೆಗೆಂದು ಇಟ್ಟವಳು, ಬಾಗಿಲಲ್ಲಿ ಯಾರೋ ಕರೆದರೆಂದು ಹೋದೆ; ಮಾತಿಗೆ ಮಾತು ಬೆಳೆಯಿತು. ತಿರುಗಿ ಬರುವಷ್ಟರಲ್ಲಿ ಅಡುಗೆಮನೆಯ ತುಂಬ ಹೊಗೆ. ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಓಣಿಯಲ್ಲಿ ಈಗ ಎಲ್ಲರ ಮನೆಯಲ್ಲೂ ಪಾಕೀಟಿನ ಎಣ್ಣೆ. ಗಾಣದ ಕುಸುಬಿ ಎಣ್ಣೆ ತರಿಸುವವಳು ನಾನೊಬ್ಬಳೇ. ಪಕ್ಕದ ಮನೆಯ ಹುಡುಗಿ ಮೂಗು ಮುಚ್ಚಿಕೊಂಡು ಬಂದು ಏನು ಸುಟ್ಟಿತೆಂದು ಕೇಳಿದಳು. ನಾನು ಒಮ್ಮೆಲೇ ‘ಕಾರು’ ಎಂದುಬಿಟ್ಟೆ. ಅಜ್ಜಿಗೆ ವಯಸ್ಸಾಯಿತು ಎಂದುಕೊಂಡಿರಬೇಕು, ಸುಮ್ಮನೆ ಕಿಟಕಿ ತೆರೆದು ಹೋದಳು.

ನನ್ನ ಪಾಲಿಗೆ ಆ ವಾಸನೆ ಅಡುಗೆಮನೆಯದಲ್ಲ. ಕಮಲಾಪುರದಿಂದ ಕಲಬುರಗಿಗೆ ಬರುವ ದಾರಿಯ ನಡುವೆ ನಿಂತುಹೋದ ಒಂದು ಹಳೆಯ ಅಮೆರಿಕದ ಕಾರಿನದು. ಅದನ್ನು ನಡೆಸುತ್ತಿದ್ದವರನ್ನು ನಾವೆಲ್ಲ ಡ್ರೈವರ್ ಚಾಚಾ ಎನ್ನುತ್ತಿದ್ದೆವು. ನಮ್ಮ ಮನೆಯಲ್ಲಿ ಅವರ ಹೆಸರು ಹಿಡಿದು ಕರೆದವರಿಲ್ಲ.

ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ಆಡಳಿತ ಮುಗಿದ ಮೇಲಿನ ವರ್ಷಗಳು ಅವು. ಅದಕ್ಕೆ ಮುಂಚಿನ ರಜಾಕಾರರ ಗದ್ದಲದಲ್ಲಿ ನಮ್ಮ ಮನೆಯ ಹೆಂಗಸರೆಲ್ಲ ಸೊಲ್ಲಾಪುರದ ನೆಂಟರ ಮನೆಯ ಒಂದೇ ಕೋಣೆಯಲ್ಲಿ ಜೀವ ಹಿಡಿದುಕೊಂಡು ಕೂತಿದ್ದೆವು. ಕಮಲಾಪುರದಲ್ಲಿ ನೆಲದೊಳಗಿನ ನಮ್ಮ ಹಗೇವಿನಲ್ಲಿದ್ದ ಜೋಳವೆಲ್ಲ ಲೂಟಿಯಾಗಿತ್ತು. ಎಲ್ಲ ತಣ್ಣಗಾಯಿತೆಂದು ತಿರುಗಿ ಬಂದಾಗ ಹೆದರುವವರು ಬದಲಾಗಿದ್ದರು, ಹೆದರಿಕೆ ಮಾತ್ರ ಊರಲ್ಲೇ ಇತ್ತು. ಮುಸಲ್ಮಾನರೇ ಹೆಚ್ಚಾಗಿದ್ದ ರೋಜಾದ ಕಡೆ ಎಷ್ಟೋ ಬಾಗಿಲಿಗೆ ಬೀಗ ಬಿದ್ದಿತ್ತು. ಯಾರು ಹೈದರಾಬಾದಿಗೆ ಹೋದರು, ಯಾರು ಇಲ್ಲವೇ ಇಲ್ಲ ಎಂಬುದನ್ನು ಗಟ್ಟಿಯಾಗಿ ಯಾರೂ ಕೇಳುತ್ತಿರಲಿಲ್ಲ…

ಹಾಗೆ ಹೈದರಾಬಾದಿಗೆ ಹೋದ ಒಬ್ಬ ಜಾಗೀರದಾರರ ಕಾರು ಅದು. ಜಾಗೀರು ಹೋಯಿತು, ಕಾರು ಉಳಿಯಿತು. ನಮ್ಮ ಮನೆಯವರು ಕಲಬುರಗಿಯಲ್ಲಿ ವಕೀಲರು. ಹೆಸರು ಆಗಷ್ಟೇ ಚಿಗುರುತ್ತಿತ್ತು. ವಕೀಲರಿಗೊಂದು ಕಾರು ಇದ್ದರೆ ಕಕ್ಷಿದಾರರಿಗೂ ನಂಬಿಕೆ ಎಂದು ಯಾರೋ ಕಿವಿಯೂದಿದರು, ಕೊಂಡರು. ಉದ್ದನೆಯ, ಕಡುಹಸಿರು ಬಣ್ಣದ ಕಾರು. ನಮ್ಮ ಅಂಗಳದಲ್ಲಿ ಅದು ನಿಂತರೆ ಎಮ್ಮೆ ಕಟ್ಟಲು ಜಾಗ ಇರುತ್ತಿರಲಿಲ್ಲ. ಕಾರಿನ ಜೊತೆಗೇ ಚಾಚಾ ಬಂದರು. ಈ ಗಾಡಿಯ ಗುಣ ನನಗಲ್ಲದೆ ಇನ್ನೊಬ್ಬರಿಗೆ ತಿಳಿಯದು ಎಂದು ನಮ್ಮ ಮನೆಯವರಿಗೆ ಹೇಳಿ, ಅಂದೇ ಬಕೀಟು ತಗೊಂಡು ಗಾಜು ಒರೆಸಲು ನಿಂತರು.

ಗುಣ ಎಂದದ್ದು ಸುಳ್ಳಲ್ಲ. ಅದು ತಾನೇ ಗೇರು ಬೀಳುವ ಕಾರು. ಬೇರೆ ಕಾರುಗಳಲ್ಲಿ ಡ್ರೈವರನು ಹೆಜ್ಜೆಹೆಜ್ಜೆಗೂ ಗೇರು ಬದಲಿಸಬೇಕು, ಎಡಗಾಲಲ್ಲಿ ಕ್ಲಚ್ ಒತ್ತಬೇಕು. ಇದರಲ್ಲಿ ಆ ಕೆಲಸವೆಲ್ಲ ಗೇರುಪೆಟ್ಟಿಗೆಯೊಳಗಿನ ಎಣ್ಣೆಯದು. ಎಣ್ಣೆಯ ಒತ್ತಡಕ್ಕೇ ಒಳಗಿನ ತಟ್ಟೆಗಳು ಕಚ್ಚಿಕೊಳ್ಳುತ್ತವೆ, ಬಿಡುತ್ತವೆ, ಗೇರು ಬೀಳುತ್ತದೆ. ಎಣ್ಣೆ ಕಡಿಮೆಯಾದರೆ ಅಥವಾ ಕೆಟ್ಟರೆ ಇಂಜಿನ್ನು ಕೂಗುತ್ತದೆ, ಗಾಲಿ ತಿರುಗುವುದಿಲ್ಲ. ಚಾಚಾ ಇದನ್ನೆಲ್ಲ ನಮ್ಮ ಅತ್ತೆಗೆ ವಿವರಿಸಿ ಹೇಳುತ್ತಿದ್ದರು. ನಮ್ಮ ಮನೆಯವರಿಗೆ ಕೇಳುವ ಪುರುಸೊತ್ತು ಇರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಕಾಗದ ತೆರೆದರೆ ಊರು ಬಂದಾಗಲೇ ತಲೆ ಎತ್ತುವವರು ಅವರು. ಅತ್ತೆ ಕಮಲಾಪುರದ ಒಕ್ಕಲುತನದ ಮನೆಯವರು. ಕೆಂಪು ಬಾಳೆಯ ತೋಟ, ಎತ್ತು, ಎರೆಹೊಲ, ಇದರಲ್ಲೇ ಬೆಳೆದವರು. ಕಾರಿನ ಮೇಲೆ ಅವರಿಗೆ ಎತ್ತಿನ ಮೇಲಿದ್ದಷ್ಟೇ ಅಕ್ಕರೆ. ಬಿಸಿಲಲ್ಲಿ ನಿಂತರೆ ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದರು.

ಚಾಚಾನ ಎಡಗಾಲಿನ ಮಂಡಿ ಮಡಚುತ್ತಿರಲಿಲ್ಲ. ಕಾರು ಹತ್ತುವಾಗ ಆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಳ್ಳುತ್ತಿದ್ದರು. ಬಾವಿಯ ಪಾವಟಿಗೆಯಲ್ಲಿ ಜಾರಿದೆ ಎಂದು ನಮಗೆಲ್ಲ ಹೇಳಿದ್ದರು. ನಿಜ ಗೊತ್ತಿದ್ದದ್ದು ಅತ್ತೆಗೆ ಮಾತ್ರ, ಅತ್ತೆಯಿಂದ ನನಗೆ. ಪೊಲೀಸ್ ಆ್ಯಕ್ಷನ್ನಿನ ದಿನಗಳಲ್ಲಿ ಜಾಗೀರದಾರರ ಮನೆಯವರನ್ನು ದಾಟಿಸಿ, ಕಾರನ್ನು ಯಾರದೋ ಹೊಲದ ಜೋಳದ ಕಣಕಿಯ ಬಣವೆಯ ಹಿಂದೆ ಬಚ್ಚಿಟ್ಟು, ಹಗಲಲ್ಲೇ ಒಬ್ಬರೇ ನಡೆದು ಬರುತ್ತಿದ್ದರಂತೆ. ದಾರಿಯಲ್ಲಿ ಒಂದು ಗುಂಪು ತಡೆಯಿತು. ಯಾರವನು ಎಂದು ಕೇಳಿದ್ದಷ್ಟೇ. ಹಾರೆಯ ಹಿಂಬದಿಯಿಂದ ಮಂಡಿಗೆ ಹೊಡೆದರು. ಯಾರು ಹೊಡೆದರೆಂದು ಚಾಚಾ ಹೇಳಲಿಲ್ಲ; ಅತ್ತೆ ಕೇಳಲೂ ಇಲ್ಲ.

ನಾನು ಹುಟ್ಟಾ ಪುಕ್ಕಲು. ಹಗ್ಗ ಕಂಡರೂ ಹಾವೆನ್ನುವವಳು. ಆದರೆ ಚಾಚಾನ ವಿಷಯದಲ್ಲಿ ನನಗೆ ಹುಟ್ಟಿದ ಹೆದರಿಕೆಗೆ ಕಾರಣವಿತ್ತು. ನಮ್ಮ ಮನೆಯವರ ಗೆಳೆಯರೊಬ್ಬರು ಒಮ್ಮೆ ತಮ್ಮ ಕಾರಿನಲ್ಲಿ ನಮ್ಮನ್ನು ಕರೆದುಕೊಂಡು ಹೋದರು. ಅವರ ಡ್ರೈವರನ ಎಡಗಾಲು ಒಂದು ಗಳಿಗೆಯೂ ಸುಮ್ಮನಿರಲಿಲ್ಲ, ಒತ್ತುತ್ತಲೇ ಇತ್ತು, ಬಿಡುತ್ತಲೇ ಇತ್ತು. ಅಲ್ಲಿ ಮೂರು ಪೆಡಲು. ಮನೆಗೆ ಬಂದು ನಮ್ಮ ಕಾರಿನೊಳಗೆ ಬಗ್ಗಿ ನೋಡಿದೆ. ಎರಡೇ. ನನಗೆ ಆಗ ಹೊಳೆಯಿತು, ಇಡೀ ಕಲಬುರಗಿಯಲ್ಲಿ ಚಾಚಾ ನಡೆಸಬಲ್ಲ ಕಾರು ಇದೊಂದೇ ಎಂದು. ಈ ಗೇರುಪೆಟ್ಟಿಗೆ ಇರುವವರೆಗೆ ಅವರು ಡ್ರೈವರು. ಅದು ಹೋದ ದಿನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳನ್ನು ಸಾಕಬೇಕಾದ ಒಬ್ಬ ಕುಂಟ. ಆ ಕಾಲದಲ್ಲಿ, ಆ ಊರಲ್ಲಿ, ಅವರಿಗೆ ಬೇರೆ ಕೆಲಸ ಯಾರು ಕೊಡುತ್ತಿದ್ದರು?

ಗೇರು ಜಾರಲು ಶುರುವಾದದ್ದು ಮಳೆಗಾಲ ಮುಗಿದ ಮೇಲೆ. ಏರು ಬಂದರೆ ಸಾಕು, ಇಂಜಿನ್ನು ಕೂಗುತ್ತಿತ್ತು, ಕಾರು ನಿಂತಲ್ಲೇ ಯೋಚನೆ ಮಾಡುತ್ತಿತ್ತು. ಕಾರು ಚಾಚಾನ ಮಾತು ಕೇಳಲು ತುಸು ತಡ ಮಾಡಿದರೂ ನಾನು ಸೀಟಿನ ಅಂಚು ಹಿಡಿದುಕೊಳ್ಳುತ್ತಿದ್ದೆ. ನಮ್ಮ ಮನೆಯವರು ಕಾಗದದಿಂದ ತಲೆ ಎತ್ತತೊಡಗಿದರು. ಅದೇ ನನಗೆ ದೊಡ್ಡ ಅಪಶಕುನ. ಒಂದು ದಿನ ಕೋರ್ಟಿನ ಮುಂದೆಯೇ ಕಾರು ನಿಂತು, ಎದುರು ಪಕ್ಷದ ವಕೀಲರು ಟಾಂಗಾದಲ್ಲಿ ಕೂತು ನಗುತ್ತ ಹೋದರಂತೆ. ಮನೆಗೆ ಬಂದವರೇ ಸೊಲ್ಲಾಪುರದಿಂದ ಮಿಸ್ತ್ರಿಯನ್ನು ಕರೆಸಿದರು.

ಮಿಸ್ತ್ರಿ ಕಾರಿನ ಕೆಳಗೆ ಹೋಗಿ ಬಂದು ಕೈ ಒರೆಸಿಕೊಂಡರು. ಈ ಪೆಟ್ಟಿಗೆಯನ್ನು ಬಿಚ್ಚುವವರು ಬೊಂಬಾಯಿಯಲ್ಲೇ ಸಿಗುವುದು ಕಷ್ಟ, ಇದನ್ನು ಕಿತ್ತೊಗೆದು ಮಿಲಿಟರಿಯವರು ಹರಾಜು ಹಾಕಿದ ಸಾಮಾನಿನಲ್ಲಿ ಸಿಕ್ಕಿರುವ ಗಟ್ಟಿಮುಟ್ಟಾದ ಗೇರುಪೆಟ್ಟಿಗೆಯನ್ನು ಕೂರಿಸಿ, ಕ್ಲಚ್ ಪೆಡಲು ಇಟ್ಟುಕೊಡುತ್ತೇನೆ ಎಂದರು. ಕಾರು ಹೊಸದಾಗುತ್ತದೆ, ಪೆಟ್ರೋಲೂ ಉಳಿಯುತ್ತದೆ ಎಂದರು. ಅವರು ಹೇಳಿದ್ದರಲ್ಲಿ ತಪ್ಪು ಒಂದೂ ಇರಲಿಲ್ಲ. ನಮ್ಮ ಮನೆಯವರು ಖುಷಿಯಾದರು. ಚಾಚಾ ಕಂಬಕ್ಕೆ ಒರಗಿ ನಿಂತಿದ್ದರು. ಬರೀ ಎಣ್ಣೆ ಬದಲಿಸಿದರೆ ಸಾಕು ಸಾಬ್, ಒಂದು ಸಲ ನೋಡೋಣ, ಎಂದು ಮೆಲ್ಲಗೆ ಹೇಳಿದರು. ಕೊನೆಗೆ ನಮ್ಮ ಮನೆಯವರು ವಕೀಲರ ನ್ಯಾಯ ಹೇಳಿದರು: ಎಳ್ಳ ಅಮಾವಾಸ್ಯೆಗೆ ಎಲ್ಲರೂ ಕಮಲಾಪುರದ ಹೊಲಕ್ಕೆ ಹೋಗುವುದಿದೆ. ಎಣ್ಣೆ ಬದಲಿಸು. ಹೋಗಿ ಬರುವುದರೊಳಗೆ ಎಲ್ಲಿಯೂ ಜಾರದಿದ್ದರೆ ಹಳೆಯದೇ ಇರಲಿ. ಜಾರಿದರೆ ಮಾರನೆಯ ದಿನ ಮಿಸ್ತ್ರಿಯ ಕೈಗೆ.

ಎಣ್ಣೆ ಬದಲಿಸಿದ ದಿನ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆ ಕಾಲಿಟ್ಟುಕೊಂಡು ಚಾಚಾಗೆ ಕಾರಿನ ಕೆಳಗೆ ತೂರಲು ಆಗದು. ಅಂಗಳದ ಕೊನೆಯಲ್ಲಿದ್ದ ಒಣ ಕಾಲುವೆಯ ಎರಡು ಬದಿಗೂ ಚಪ್ಪಡಿ ಹಾಕಿಸಿ, ಕಾರನ್ನು ಅದರ ಮೇಲೆ ಹತ್ತಿಸಿ, ತಾವು ಕಾಲುವೆಗೆ ಇಳಿದು ಬಿರಟೆ ಬಿಚ್ಚಿದರು. ಅತ್ತೆಯ ಹಿಟ್ಟು ನಾದುವ ಪರಾತದಲ್ಲಿ ಕರೀ ಎಣ್ಣೆ ಬಿತ್ತು. ಅದರಲ್ಲಿ ಸುಟ್ಟ ವಾಸನೆ ಇತ್ತು. ಚಾಚಾ ಎರಡು ಬೆರಳಿನ ನಡುವೆ ಅದನ್ನು ಉಜ್ಜಿ, ಬೆಳಕಿಗೆ ಹಿಡಿದು ನೋಡಿದರು. ಬೆರಳಿಗೆ ಕರೀ ಪುಡಿ ಅಂಟಿತ್ತು. ಒಳಗಿನ ತಟ್ಟೆಗಳು ಸವೆದಿವೆ ಎಂದು ನನಗೆ ಅವರು ಹೇಳಬೇಕಾಗಿರಲಿಲ್ಲ, ಮುಖವೇ ಹೇಳಿತು. ನಮ್ಮ ಮನೆಯವರು ಬರುವ ಮೊದಲೇ ಆ ಪುಡಿಯನ್ನು ಕಾಲುವೆಯ ಮಣ್ಣಿಗೆ ಒರೆಸಿಬಿಟ್ಟರು.

ಜಾಗೀರದಾರರ ಕಾಲದ ಒಂದು ಸೀಲು ಡಬ್ಬಿ ಎಣ್ಣೆಯನ್ನು ಅವರು ಬಂಗಾರದಂತೆ ಇಟ್ಟುಕೊಂಡಿದ್ದರು. ಅದನ್ನು ಹಾಕಿದರು. ಡ್ರೈವರ್ ಸೀಟಿನ ಮುಂದಿನ ಚಾಪೆ ಎತ್ತಿದರೆ ಒಂದು ತೂತು. ಎಣ್ಣೆ ಹಾಕುವುದೂ ಅಲ್ಲಿಂದಲೇ, ಕಡ್ಡಿ ಇಳಿಬಿಟ್ಟು ಅಳೆಯುವುದೂ ಅಲ್ಲಿಂದಲೇ. ಎಣ್ಣೆ ಕಡ್ಡಿಯ ಗುರುತಿಗೆ ಮುಟ್ಟಲಿಲ್ಲ. ಇನ್ನೊಂದು ಡಬ್ಬಿ ಬೇಕಿತ್ತು. ಹೈದರಾಬಾದಿನ ಗುರುತಿನವರಿಗೆ ಹೇಳಿ ಕಳಿಸಿದ್ದರು. ಅಂದಿನಿಂದ ದಿನಾ ರೈಲಿನ ಹೊತ್ತಿಗೆ ಸ್ಟೇಷನ್ನಿಗೆ ಹೋಗಿ ಬರುವುದು, ಬರಿಗೈಯಲ್ಲಿ ಬರುವುದು. ಇನ್ನೂ ಹೊಟ್ಟೆ ತುಂಬಿಲ್ಲವೇ ಇದಕ್ಕೆ ಎಂದು ಅತ್ತೆ ಕೇಳುತ್ತಿದ್ದರು. ಇಲ್ಲವೆಂದು ಚಾಚಾ ತಲೆ ಅಲ್ಲಾಡಿಸುತ್ತಿದ್ದರು.

ನನಗೆ ಅನ್ನ ಸೇರುತ್ತಿರಲಿಲ್ಲ. ಆ ಕಾಲಿನಿಂದ ಕ್ಲಚ್ ಒತ್ತಲಾಗದು ಎಂಬುದನ್ನು ನಮ್ಮ ಮನೆಯವರಿಗೆ ಹೇಳಲೇ ಬೇಡವೇ? ಹೇಳಿದರೆ, ಕಾಲಿಲ್ಲದವನ ಕೈಗೆ ಮನೆಮಂದಿಯ ಜೀವ ಕೊಟ್ಟಿದ್ದೇನೆಯೇ ಎಂದು ಅಂದೇ ಬಿಡಿಸಿಬಿಟ್ಟರೆ? ಹೇಳದಿದ್ದರೆ ಗೇರುಪೆಟ್ಟಿಗೆಯೇ ಬಿಡಿಸುತ್ತದೆ. ಅತ್ತ ದರಿ, ಇತ್ತ ಪುಲಿ. ಕಡೆಗೆ ಚಾಚಾನನ್ನೇ ಕೇಳಿದೆ. ಅವರು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದರು.

“ಹೇಳಬ್ಯಾಡ್ರಿ ಅಕ್ಕಾರ. ಹೇಳಿದ್ರ ಸಾಬ್ರು ನನ್ನ ಮ್ಯಾಲ ದಯಾ ಮಾಡ್ತಾರ. ನನಗ ದಯಾ ಬ್ಯಾಡ, ಡೂಟಿ ಬೇಕು,” ಎಂದರು.

ಅಮಾವಾಸ್ಯೆಯ ಬೆಳಿಗ್ಗೆ ಬಂತು. ಡಬ್ಬಿ ಬರಲಿಲ್ಲ. ಹಿಂದಿನ ದಿನದಿಂದಲೇ ಮನೆಯಲ್ಲಿ ಸಡಗರ. ಎಲ್ಲ ಕಾಳು, ಎಲ್ಲ ಕಾಯಿಪಲ್ಯ ಹಾಕಿದ ಭಜ್ಜಿ, ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿಯ ಗಡಿಗೆ. ನಾನು ಬುಟ್ಟಿಗಳನ್ನು ಕಟ್ಟುತ್ತಿದ್ದರೂ ಕಣ್ಣೆಲ್ಲ ಅಂಗಳದ ಕಡೆ. ಚಾಚಾ ಬರುವಷ್ಟರಲ್ಲಿ ಅತ್ತೆ ಕಾರಿಗೆ ಕುಂಕುಮ, ಚೆಂಡುಹೂವಿನ ಮಾಲೆ ಏರಿಸಿಬಿಟ್ಟಿದ್ದರು. ಚಾಚಾ ಕಡ್ಡಿ ನೋಡಲು ಚಾಪೆ ಎತ್ತಹೋದರೆ, ಪೂಜೆಯಾದ ಮೇಲೆ ಮೈ ಕೆದಕಬಾರದು, ಸುಮ್ಮನೆ ಹೊಡಿ ಎಂದರು. ಅತ್ತೆಯ ಮಾತು ಅವರು ಮೀರುವವರಲ್ಲ.

ಅಂದು ಕಾರು ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಊರು ದಾಟಿದೆವು, ಮಹಾಗಾಂವ ದಾಟಿದೆವು. ಏರು ಬಂದಾಗಲೆಲ್ಲ ನಾನು ಸೆರಗಿನ ತುದಿ ಕಚ್ಚಿ ಕೂತಿದ್ದೆ. ಗೇರು ಬಿತ್ತೋ ಇಲ್ಲವೋ ತಿಳಿಯದಷ್ಟು ನಯವಾಗಿ ಬಿತ್ತು. ನಮ್ಮ ಮನೆಯವರು ಮತ್ತೆ ಕಾಗದದಲ್ಲಿ ಮುಳುಗಿದರು. ಮುಂದಿನ ಕನ್ನಡಿಯಲ್ಲಿ ಚಾಚಾನ ಕಣ್ಣು ಒಮ್ಮೆ ನನ್ನನ್ನು ನೋಡಿತು. ಆ ಕಣ್ಣಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಿತ್ತು. ಕಡಿಮೆ ಎಣ್ಣೆಯಲ್ಲಿ ಇದು ಹೇಗೆ ಏರು ಹತ್ತಿತು ಎಂದು ಅವರಿಗೂ ಅರ್ಥವಾಗಿರಲಿಲ್ಲ.

ಹೊಲದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪೂಜೆ ಮಾಡಿದೆವು, ಬೆಳೆದು ನಿಂತ ಜೋಳದ ನಡುವೆ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಿದೆವು. ಚಾಚಾ ಕಾಲು ಚಾಚಿಕೊಂಡು ಬದುವಿನ ಮೇಲೆ ಕೂತು ಭಜ್ಜಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು. ನಮ್ಮ ಮನೆಯವರು, ಹೌದು ಮಾರಾಯ, ನಿನ್ನ ಎಣ್ಣೆಯೇ ಸರಿ, ಎಂದರು. ಅತ್ತೆ ಸೆರಗು ಬಾಯಿಗೆ ಹಿಡಿದು ಯಾಕೋ ನಕ್ಕರು. ಬಹಳ ದಿನಗಳ ಮೇಲೆ ನನಗೂ ಹಸಿವಾಯಿತು…

ತಿರುಗಿ ಬರುವಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಕಮಲಾಪುರ ಬಿಟ್ಟು ಸ್ವಲ್ಪ ದೂರ ಬಂದಿರಬೇಕು, ಯಾರೋ ಮಿರ್ಚಿ ಭಜಿ ಕರಿಯುತ್ತಿರುವ ವಾಸನೆ. ಸುತ್ತ ನೋಡಿದರೆ ಊರಿಲ್ಲ, ಮನೆಯಿಲ್ಲ, ತೊಗರಿಯ ಹೊಲ. ವಾಸನೆ ಕಮಟಾಯಿತು. ಆಮೇಲೆ ಚಾಚಾನ ಕಾಲ ಹತ್ತಿರದ ಚಾಪೆಯ ಸಂದಿನಿಂದ ಹೊಗೆ. ಇಂಜಿನ್ನು ಕೂಗಿಕೊಂಡಿತು. ಕಾರು ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಚಾಚಾ ಮತ್ತೆ ಮತ್ತೆ ಒತ್ತಿದರು. ಕೂಗು ಮಾತ್ರ ಏರಿತು, ಗಾಲಿ ಅಲುಗಲಿಲ್ಲ. ಅವರು ಕೈಯಿಂದ ಕಾಲು ಎತ್ತಿ ಕೆಳಗಿಟ್ಟು ಇಳಿದರು. ಚಾಪೆ ಎತ್ತಿ ಕಡ್ಡಿ ಹೊರತೆಗೆದು ಮೂಗಿಗೆ ಹಿಡಿದರು. ಕಡ್ಡಿಯ ತುಂಬ ನೊರೆ.

ಕುಸುಬಿ ಎಣ್ಣೆ, ಎಂದರು. ಯಾರನ್ನೂ ನೋಡಲಿಲ್ಲ.

ನನ್ನ ಪಕ್ಕದಲ್ಲಿ ಕೂತಿದ್ದ ಅತ್ತೆ ಕೆಳಗಿಳಿದು ಮಗನ ಎದುರು ನಿಂತರು. “ಎತ್ತು ಸೋತ್ರ ಗೊಟ್ಟದಾಗ ಎಣ್ಣಿ ಕುಡಸೂದಿಲ್ಲೇನು? ಇದಕ್ಕೂ ಹೊಟ್ಟಿ ತುಂಬಿದ್ದಿಲ್ಲ. ನಾನೇ ಕುಡಿಸೀನಿ,” ಎಂದರು.

ನಮ್ಮ ಕಡೆ ಎತ್ತು ಬಸವಳಿದರೆ ಬಿದಿರಿನ ಗೊಟ್ಟದಲ್ಲಿ ಎಣ್ಣೆ ತುಂಬಿ, ಬಾಯಿ ಎತ್ತಿ ಹಿಡಿದು ಗಂಟಲಿಗೆ ಸುರಿಯುತ್ತಾರೆ. ಅತ್ತೆ ಅಂದು ಬೆಳಗಾಗುತ್ತಲೇ ಕೊಟ್ಟಿಗೆಯ ಗೊಟ್ಟವನ್ನು ತೊಳೆದು ತಂದು, ಚಾಪೆ ಎತ್ತಿ, ಆ ತೂತಿನೊಳಗೆ ಗಾಣದ ಹೊಸ ಎಣ್ಣೆಯನ್ನು ಕೈ ಬಿಚ್ಚಿ ಸುರಿದಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಕೇಳಿದ್ದೆ. ಎತ್ತಿನ ಮದ್ದು ಕಾರಿಗೆ ಹಾಕಿದ್ದನ್ನು ಅಂದೇ ಕಂಡದ್ದು. ಹೋಗುವಾಗ ಪೆಟ್ಟಿಗೆ ತುಂಬಿತ್ತೆಂದು ಓಡಿತು, ಬರುವಾಗ ಆ ಎಣ್ಣೆ ಕಾದು ಒಳಗೇ ಕರಿದುಹೋಯಿತು. ಇದನ್ನೆಲ್ಲ ಆಮೇಲೆ ಮಿಸ್ತ್ರಿ ಹೇಳಿದರು. ಆ ಹೊತ್ತಿಗೆ ನಮಗೆ ತಿಳಿದದ್ದು ಒಂದೇ, ಕಾರು ಸತ್ತಿತ್ತು.

ನಮ್ಮ ಮನೆಯವರ ಮುಖ ಕೆಂಪಾಯಿತು. ತಾಯಿಯ ಮೇಲೆ ಸಿಟ್ಟಾಗುವುದು ಅವರಿಗೆ ರೂಢಿಯಿಲ್ಲ. ಆ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಡಕಾಡುತ್ತಿತ್ತು. ಚಾಚಾ ನಡುವೆ ಬಂದು, “ಅವ್ವಾರು ದವಾ ಅಂತ ಹಾಕ್ಯಾರ್ರಿ ಸಾಬ್, ಜಹರ್ ಅಂತ ಹಾಕಿಲ್ಲ,” ಎಂದರು. ತಮ್ಮ ಅನ್ನಕ್ಕೆ ಕಲ್ಲು ಬಿದ್ದ ಹೊತ್ತಿನಲ್ಲಿ ಆ ಮನುಷ್ಯ ಆಡಿದ ಮಾತು ಅದು. ನನಗೆ ದುಃಖ ತಡೆಯಲಾಗಲಿಲ್ಲ, ತೊಗರಿ ಹೊಲದ ಕಡೆ ಮುಖ ಮಾಡಿ ಅತ್ತುಬಿಟ್ಟೆ.

ಎರಡು ಜೊತೆ ಎತ್ತು ಕಟ್ಟಿ ಕಾರನ್ನು ರಾತ್ರಿಯೆಲ್ಲ ಕಲಬುರಗಿಗೆ ಎಳೆಸಿದರು. ಮಾರನೆಯ ದಿನ ಮಿಸ್ತ್ರಿ ಬರುವ ಮೊದಲೇ ನಾನು ನಮ್ಮ ಮನೆಯವರಿಗೆ ಎಲ್ಲವನ್ನೂ ಹೇಳಿದೆ. ಮಂಡಿ, ಹಾರೆ, ಎರಡು ಪೆಡಲು, ಎಲ್ಲ. ಬಿಡಿಸಿಬಿಡುತ್ತಾರೆಂದೇ ಹೆದರಿದ್ದೆ. ಅವರು ಚಾಚಾನನ್ನು ಕರೆದು, ಹೊಸ ಡ್ರೈವರನನ್ನು ಇಟ್ಟುಕೊಳ್ಳುತ್ತೇನೆ, ನೀನು ಬಾಗಿಲಲ್ಲಿ ಕೂತು ಬಂದು ಹೋಗುವವರನ್ನು ನೋಡಿಕೋ, ಸಂಬಳ ಅದೇ, ಎಂದರು. ಒಳ್ಳೆಯ ಮಾತೇ. ಚಾಚಾ ಮಾತ್ರ ಅದನ್ನು ಬಗ್ಗಿಸಿದ ತಲೆಯಲ್ಲಿ ಕೇಳಿ, ಸಲಾಂ ಮಾಡಿ, ನಾಳೆಯಿಂದ ಬರುವುದಿಲ್ಲ ಸಾಬ್ ಎಂದರು. ಅವರು ಹೆದರಿದ್ದ ದಯೆ ಬಂದೇಬಿಟ್ಟಿತ್ತು. ಮಿಸ್ತ್ರಿ ಕೈಯಿಂದ ಎಳೆಯುವ ಕ್ಲಚ್ ಮಾಡಿಕೊಡಲೇ ಎಂದರು. ಒಂದು ಕೈ ಸ್ಟೇರಿಂಗಿಗೆ, ಒಂದು ಗೇರಿಗೆ. ಮೂರನೆಯ ಕೈ ಎಲ್ಲಿಂದ ತರಲಿ ಎಂದು ಚಾಚಾ ನಕ್ಕರು. ಆ ನಗು ನೋಡಲಾಗುತ್ತಿರಲಿಲ್ಲ.

ಅಷ್ಟು ಹೊತ್ತು ಬಾಗಿಲ ಹಿಂದೆ ನಿಂತಿದ್ದ ಅತ್ತೆ ಹೊರಗೆ ಬಂದರು. ಮಿಸ್ತ್ರಿಯ ಮುಂದೆ ಹಾಗೆ ಬರುವವರಲ್ಲ ಅವರು. ಡ್ರೈವರನ ಪಕ್ಕದ ಸೀಟಿನಲ್ಲಿ ಕೂತವರ ಕಾಲು ಆ ಪೆಡಲಿಗೆ ಎಟುಕುತ್ತದೆಯೇ ಎಂದು ಕೇಳಿದರು. ಮುಂದಿನ ಸೀಟು ಬೆಂಚಿನಂತೆ ಒಂದೇ ಉದ್ದ. ಪೆಡಲಿಗೆ ಎಡಗಡೆ ಒಂದು ಕಬ್ಬಿಣದ ಪಟ್ಟಿ ಬೆಸೆದರೆ ಎಟುಕುತ್ತದೆ, ಆದರೆ ಯಾರು ಕೂರುತ್ತಾರೆ ಎಂದರು ಮಿಸ್ತ್ರಿ. ನಾನು, ಎಂದರು ಅತ್ತೆ.

ನಮ್ಮ ಮನೆಯವರು ಊರ ಮಂದಿ ನಗುತ್ತಾರೆ ಎಂದರು, ವಕೀಲನ ತಾಯಿ ಡ್ರೈವರನ ಪಕ್ಕ ಕೂರುವುದೇ ಎಂದರು, ಕೊನೆಗೆ ಅಪಘಾತವಾದರೆ ಎಂದರು. ಅತ್ತೆ ಎಲ್ಲ ಕೇಳಿಸಿಕೊಂಡರು.

“ಅವನ ಕಾಲು ಮುರದ ಕೈ ನಮ್ಮವರದ ಅದ. ಇನ್ನ ಒತ್ತೋ ಕಾಲೂ ನಮ್ಮವರದ ಇರ್ಲಿ,” ಎಂದರು.

ಲೂಟಿಯಾದ ಜೋಳದ ಹಗೇವಿನ ಮುಂದೆ ಕೂತು ಅತ್ತವರು ಅವರೇ. ಆ ಬಾಯಲ್ಲಿ ಈ ಮಾತು ಬಂದಾಗ ನಮ್ಮ ಮನೆಯವರು ತಲೆ ತಗ್ಗಿಸಿದರು. ಚಾಚಾ ಕಾಲುವೆಯ ಚಪ್ಪಡಿಯ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡರು.

ಮಿಲಿಟರಿಯ ಗೇರುಪೆಟ್ಟಿಗೆ ಬಂತು, ಹೊಸ ಬ್ರೇಕು ಬಂತು, ಪಟ್ಟಿ ಬೆಸೆದ ಪೆಡಲೂ ಬಂತು. ಅಭ್ಯಾಸ ನಡೆದದ್ದು ಶರಣಸಿರಸಗಿಯ ಕಡೆಯ ಬಯಲಲ್ಲಿ. ನಾನು ಹಿಂದಿನ ಸೀಟಿನಲ್ಲಿ ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದೆ. ಚಾಚಾ ‘ಅವ್ವಾ’ ಎಂದರೆ ಅತ್ತೆ ಒತ್ತಬೇಕು. ಗೇರು ಹಾಕಿ ‘ಹ್ಞಾಂ’ ಎಂದರೆ ಮೆಲ್ಲಗೆ ಬಿಡಬೇಕು. ಅತ್ತೆ ಮೊದಮೊದಲು ಜೋಳ ಬೀಸುವ ಕಲ್ಲು ಕೈಬಿಟ್ಟಂತೆ ಒಮ್ಮೆಲೇ ಬಿಡುತ್ತಿದ್ದರು, ಕಾರು ಕಪ್ಪೆಯ ಹಾಗೆ ನೆಗೆಯುತ್ತಿತ್ತು, ನನ್ನ ತಲೆ ಮುಂದಿನ ಸೀಟಿಗೆ ಬಡಿಯುತ್ತಿತ್ತು. ಹಸುಗೂಸಿನ ಬಾಯಿಂದ ಮೊಲೆ ಬಿಡಿಸಿದ ಹಂಗ ಬಿಡ್ರಿ ಅವ್ವಾರ ಎಂದು ಒಂದು ದಿನ ಚಾಚಾ ಹೇಳಿ, ಹೇಳಿದ್ದಕ್ಕೆ ತಾವೇ ನಾಚಿ ಕಿವಿ ಹಿಡಿದುಕೊಂಡರು. ಅಂದಿನಿಂದ ಅತ್ತೆಗೆ ಅದು ಕೈಗೆ ಬಂತು. ಕೈಗಲ್ಲ, ಕಾಲಿಗೆ.

ಊರು ನಕ್ಕಿತು. ಕೋರ್ಟಿನ ಮುಂದೆ ಹುಡುಗರು ಕೂಗಿದರು. ಮಸೀದಿಯ ಕಡೆಯವರೂ ಗೊಣಗಿದರು, ಮಠದ ಕಡೆಯವರೂ ಗೊಣಗಿದರು. ಆ ಮಟ್ಟಿಗೆ ಇಬ್ಬರಲ್ಲೂ ಒಗ್ಗಟ್ಟಿತ್ತು. ನನ್ನ ಹೆದರಿಕೆ ಮಾತ್ರ ಎಂದೂ ಹೋಗಲಿಲ್ಲ. ಪ್ರತಿ ತಿರುವಿನಲ್ಲೂ, ಅತ್ತೆ ತೂಕಡಿಸಿದರೆ? ಎದುರಿನಿಂದ ಲಾರಿ ಬಂದಾಗ ಸೀರೆಯ ನೆರಿಗೆ ಪೆಡಲಿಗೆ ಸಿಕ್ಕಿದರೆ? ಒಬ್ಬರ ಕಾಲು ಇನ್ನೊಬ್ಬರ ಕೈಯ ಮನಸ್ಸನ್ನು ಒಂದು ಸಲ ತಪ್ಪಾಗಿ ತಿಳಿದರೂ ಸಾಕಾಗಿತ್ತು. ತಪ್ಪಲಿಲ್ಲ. ಒಂದು ಸಲವೂ ತಪ್ಪಲಿಲ್ಲ. ಬರುಬರುತ್ತ ಅವರಿಬ್ಬರೂ ಮುಂದೆ ಕೂತು ಬಾಳೆಯ ದರ, ಹೆಣ್ಣುಮಕ್ಕಳ ಮದುವೆ, ಉರುಸಿನ ಜನ ಎಂದು ಮಾತಾಡುತ್ತಲೇ ಕಮಲಾಪುರ ಮುಟ್ಟಿಸಿಬಿಡುತ್ತಿದ್ದರು.

ಹೈದರಾಬಾದ್ ರಾಜ್ಯ ಒಡೆದು ನಮ್ಮ ಜಿಲ್ಲೆ ಮೈಸೂರಿಗೆ ಸೇರಿದ ವರ್ಷ ಅತ್ತೆ ತೀರಿಕೊಂಡರು. ಮಲಗಿದ್ದು ಕೆಲವೇ ದಿನ. ಕರ್ಮಗಳೆಲ್ಲ ಮುಗಿದ ಮೇಲೆ ಚಾಚಾ ಕಾರಿನ ಕೀಲಿಯನ್ನು ತಂದು ಪಡಸಾಲೆಯ ಹಲಗೆಯ ಮೇಲಿಟ್ಟರು. ನಮ್ಮ ಮನೆಯವರು ಯಾರನ್ನಾದರೂ ಕೂರಿಸೋಣ, ನೀನು ಹೋಗಬೇಡ ಎಂದು ಕೈ ಹಿಡಿದರು. ನಾನು ಮುಂದೆ ಬಂದು, ನಾನೇ ಕೂರುತ್ತೇನೆ ಚಾಚಾ, ಕಲಿಸಿ ಎಂದೆ. ಪುಕ್ಕಲಿಯಾದ ನಾನು ಅದನ್ನು ನಿಜವಾಗಿಯೇ ಹೇಳಿದ್ದೆ.

ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

“ಬ್ಯಾಡ್ರಿ ಅಕ್ಕಾರ. ಅವ್ವಾರಿಗೆ ನಾ ಒತ್ತರಿ ಅಂತ ಹೇಳೂದು ಬಿಟ್ಟೇ ವರ್ಷಗಳಾಗಿದ್ವು. ನಂದೇ ಕಾಲು ಅನ್ನೂ ಹಂಗ ಬರ್ತಿತ್ತು,” ಎಂದರು. ಹಲಗೆಯ ಮೇಲಿನ ಕೀಲಿಯನ್ನು ನಮ್ಮ ಕಡೆ ಸರಿಸಿ, “ಈಗ ಎರಡನೇ ಸಲ ಹೋತು,” ಎಂದರು.

ಆಮೇಲೆ ಅವರು ಕಾರು ನಡೆಸಲಿಲ್ಲ. ರೋಜಾದಲ್ಲಿ ಅಳಿಯನ ಸೈಕಲ್ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಆ ದಾರಿಯಲ್ಲಿ ಹೋದಾಗಲೆಲ್ಲ ಎದ್ದು ನಿಲ್ಲಲು ನೋಡುತ್ತಿದ್ದರು, ನಾನು ಬೇಡವೆಂದು ಕೈ ಮಾಡುತ್ತಿದ್ದೆ. ಒಂದು ಸಲ ಹೋದಾಗ ಸ್ಟೂಲು ಇತ್ತು, ಅವರು ಇರಲಿಲ್ಲ… ಸುದ್ದಿ ನಮ್ಮವರೆಗೆ ಬಂದಿರಲೇ ಇಲ್ಲ. ಮಣ್ಣು ಮಾಡಿದ ಜಾಗವನ್ನೂ ನಾನು ನೋಡಲಿಲ್ಲ.

ಈಗ ನಮ್ಮ ಮನೆಯವರೂ ಇಲ್ಲ. ಆ ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದ ಇಬ್ಬರ ಬೆನ್ನನ್ನು ನೋಡಿದ್ದವಳು ನಾನೊಬ್ಬಳೇ ಉಳಿದಿದ್ದೇನೆ. ಮೊಮ್ಮಕ್ಕಳಿಗೆ ಹೇಳಿದರೆ, ಹಾಗೆ ಯಾರಾದರೂ ಕಾರು ನಡೆಸಲು ಆಗುತ್ತದೆಯೇ ಅಜ್ಜಿ ಎಂದು ನಗುತ್ತಾರೆ. ಆಗುತ್ತಿತ್ತು. ಹೆದರಿ ಹೆದರಿ ಕಣ್ಣು ಮುಚ್ಚಿಕೊಂಡು ಕೂತ ಆ ದಾರಿಗಳಲ್ಲಿ, ಒಮ್ಮೆಯಾದರೂ ಕಣ್ಣು ಬಿಟ್ಟು ಅವರಿಬ್ಬರನ್ನು ಸರಿಯಾಗಿ ನೋಡಿಕೊಳ್ಳಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ.